ಬಾಗಿಲವರೆಗೆ ಬಂದವನು

ಸಿರಾ
12 ಜನವರಿ 2025

ಮಾನ್ಯ ನಾಗಭೂಷಣ್ ಅವರಿಗೆ ನಮಸ್ಕಾರ.

ನಾನು ತೇಜಸ್ವಿನಿ. ಸಿರಾದ ಒಂದು ನರ್ಸಿಂಗ್ ಹೋಮಿನಲ್ಲಿ ಲ್ಯಾಬ್ ಟೆಕ್ನಿಷಿಯನ್. ನಿಮಗೆ ನನ್ನ ಪರಿಚಯವಿಲ್ಲ. ಮಿಡಿಗೇಶಿ ಬಸ್ಸಿನ ಕಂಡಕ್ಟರೊಬ್ಬರು, "ಸಿನಿಮಾ ನಾಗಭೂಷಣ್ ಅಲ್ವಾ, ಈಗ ಬೋರ್ಡ್ ಬರೀತಾರೆ. ಕಿವಿ ಕೇಳ್ಸಲ್ಲ, ಫೋನ್ ಮಾಡಿದ್ರೂ ಅಷ್ಟೇ" ಎಂದರು. ಅದಕ್ಕೇ ಕಾಗದ ಬರೆಯುತ್ತಿದ್ದೇನೆ.

ನೀವು ನಿರ್ದೇಶಿಸಿದ 'ಮರಳಿದವರು' ಸಿನಿಮಾದ ಒಂದು ತುಣುಕನ್ನು ಮೊಬೈಲಿನಲ್ಲಿ ನೋಡಿದೆ. ಸತ್ತವನೊಬ್ಬ ಒಂದು ಮನೆಯ ಬಾಗಿಲಿಗೆ ಬರುತ್ತಾನೆ. ಬಡಿಯಲು ಬಲಗೈ ಎತ್ತುತ್ತಾನೆ. ಬಡಿಯುವುದಿಲ್ಲ. ಸ್ವಲ್ಪ ಹೊತ್ತು ನಿಂತು, ತಿರುಗಿ ಹೊರಟುಹೋಗುತ್ತಾನೆ.

ಆ ಪಾತ್ರ ಮಾಡಿದವರು ಯಾರು? ಆ ದೃಶ್ಯವನ್ನು ಯಾವ ವರ್ಷ ತೆಗೆದಿರಿ? ಅವರು ಈಗ ಎಲ್ಲಿದ್ದಾರೆ? ಇಷ್ಟು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರದ ನಿರೀಕ್ಷೆಯಲ್ಲಿ,
ತೇಜಸ್ವಿನಿ


ಮಿಡಿಗೇಶಿ
21 ಜನವರಿ 2025

ಶ್ರೀಮತಿ ತೇಜಸ್ವಿನಿಯವರಿಗೆ,

ನಿಮ್ಮ ಕಾಗದ ಬಂದಾಗ ನಾನು ಒಂದು ಗೊಬ್ಬರದಂಗಡಿಯ ಬೋರ್ಡು ಬರೆಯುತ್ತಿದ್ದೆ. ಓದಿ, ಬ್ರಷ್ಷು ತೊಳೆದಿಟ್ಟು, ಆ ದಿನದ ಕೆಲಸ ಅಲ್ಲಿಗೇ ನಿಲ್ಲಿಸಿದೆ. ಆ ಸಿನಿಮಾದ ಬಗ್ಗೆ ನನಗೆ ಬಂದ ಮೊದಲ ಕಾಗದ ಇದು. ಬಿಡುಗಡೆಯಾದಾಗ ಮಧುಗಿರಿಯಲ್ಲಿ ಒಂದು ವಾರ, ತುಮಕೂರಿನಲ್ಲಿ ನಾಲ್ಕು ದಿನ ಓಡಿತು. ಪತ್ರಿಕೆಯವರು ಅದನ್ನು ನಕಲು ಎಂದರು. ಒಬ್ಬರಂತೂ, ದೆವ್ವಗಳೇ ಬೇಜಾರಾಗಿ ವಾಪಸ್ಸು ಹೋಗುವ ಸಿನಿಮಾ ಎಂದು ಬರೆದಿದ್ದರು.

ನಕಲು ನಿಜ. ಹಳೆಯ 'ಮಸಣದ ಮಂದಿ'ಯ ಹಕ್ಕು ತೆಗೆದುಕೊಂಡೇ ಮಾಡಿದ್ದು. ಆ ಕಪ್ಪು ಬಿಳುಪಿನ ಸಿನಿಮಾವನ್ನು ಕಳ್ಳಂಬೆಳ್ಳದ ಟೆಂಟಿನಲ್ಲಿ ನನ್ನ ಸೋದರಮಾವ ತೋರಿಸಿದ್ದ. ಊರಿನ ಸತ್ತವರೆಲ್ಲ ಗುಡ್ಡದಿಂದ ಇಳಿದು ಬರುತ್ತಾರೆ. ಬದುಕಿರುವವರು ಒಂದು ಮನೆ ಸೇರಿ ಬಾಗಿಲು ಹಾಕಿಕೊಳ್ಳುತ್ತಾರೆ. ಬೆಳಗಾದ ಮೇಲೆ ಪಂಜು ಹಿಡಿದ ಗಂಡಸರು ಸತ್ತವರನ್ನೆಲ್ಲ ಗುಡ್ಡೆ ಹಾಕಿ ಸುಡುತ್ತಾರೆ. ಟೆಂಟು ತುಂಬ ಶಿಳ್ಳೆ. ಅದೇ ವರ್ಷ ನನ್ನ ತಾಯಿ ತೀರಿಹೋಗಿದ್ದರು. ನನಗೆ ಶಿಳ್ಳೆ ಹಾಕಲು ಆಗಲಿಲ್ಲ. ಆ ಕೊನೆಯನ್ನು ಬದಲಿಸಬೇಕು ಅಂತಲೇ ನಾನು ಸಿನಿಮಾಕ್ಕೆ ಹೋದದ್ದು ಎಂದರೆ ನೀವು ನಗಬಹುದು.

ನೀವು ಕೇಳಿದ ದೃಶ್ಯ ತೊಂಬತ್ತೈದನೇ ಇಸವಿಯದು. ಶಿವರಾತ್ರಿ ಕಳೆದ ಮೇಲೆ ಇಲ್ಲೇ ಕೋಟೆಯ ಕೆಳಗಿನ ಬೀದಿಯಲ್ಲಿ ತೆಗೆದೆವು. ಆ ಮನುಷ್ಯ ನಟನಲ್ಲ. ಗಂಗಯ್ಯ ಅಂತ ಏನೋ ಹೆಸರು, ಅಡುಗೆಯವರ ಜೊತೆ ಬಂದವನು. ಅವನ ಬಗ್ಗೆ ಹೇಳುವಂಥದ್ದೇನಿಲ್ಲ.

ತುಣುಕು ನೋಡಿದರೆ ಸಾಲದು, ದಯವಿಟ್ಟು ಪೂರ್ತಿ ಸಿನಿಮಾ ನೋಡಿ. ನೋಡಿ ಎರಡು ಸಾಲು ಬರೆಯಿರಿ. ಚೆನ್ನಾಗಿಲ್ಲ ಅಂತಲಾದರೂ ಬರೆಯಿರಿ.

ನಿಮ್ಮ ಕಾಗದದಿಂದ ಚೇತರಿಸಿಕೊಂಡಿರುವ,
ನಾಗಭೂಷಣ್


ಸಿರಾ
9 ಫೆಬ್ರವರಿ 2025

ನಾಗಭೂಷಣ್ ಅವರಿಗೆ,

ಎರಡೂ ಸಿನಿಮಾ ನೋಡಿದೆ. ಹಳೆಯದನ್ನು ಒಂದು ಸಲ, ನಿಮ್ಮದನ್ನು ಮೂರು ಸಲ.

ಹಳೆಯದು ಹೆದರಿಸುತ್ತದೆ. ಅದನ್ನು ಎಲ್ಲರೂ ಯಾಕೆ ಹೊಗಳುತ್ತಾರೆ ಎನ್ನುವುದು ಅರ್ಥವಾಯಿತು. ನಿಮ್ಮದರಲ್ಲಿ ಎರಡು ಹಾಡು ಬೇಡವಾಗಿತ್ತು. ಪೊಲೀಸಿನವನ ಹಾಸ್ಯವಂತೂ ಸಹಿಸಲಾಗಲಿಲ್ಲ. ಆದರೆ ಹಳೆಯದರಲ್ಲಿ ಸತ್ತವರಿಗೆ ಮುಖವೇ ಇಲ್ಲ, ಒಟ್ಟಾಗಿ ಬರುವ ಒಂದು ಹಿಂಡು ಅಷ್ಟೆ. ನಿಮ್ಮದರಲ್ಲಿ ಒಬ್ಬೊಬ್ಬರೂ ತಮ್ಮ ತಮ್ಮ ಮನೆ ಹುಡುಕಿಕೊಂಡು ಬರುತ್ತಾರೆ. ಒಬ್ಬ ಮುದುಕಿ ನೀರಿಲ್ಲದ ನಲ್ಲಿಯ ಮುಂದೆ ಬಿಂದಿಗೆಯಿಲ್ಲದೆ ಸಾಲು ನಿಲ್ಲುತ್ತಾಳೆ. ಸೊಸೆ ಬಾಗಿಲಿಗೆ ಬೆನ್ನು ಕೊಟ್ಟು ಕೂತು, ಹೊರಗಿನಿಂದ ಮಾವ ತಳ್ಳುವುದನ್ನು ಬೆನ್ನಲ್ಲೇ ತಡೆಯುತ್ತಾಳೆ, ಅಳುವುದಿಲ್ಲ. ಕೊನೆಗೆ ಹೆಂಗಸರು ಒಬ್ಬೊಬ್ಬರಾಗಿ ಜಗಲಿಯ ಮೇಲೆ ಎಲೆ ಹಾಕಿ ಎಡೆ ಬಡಿಸಿ ಒಳಗೆ ಹೋಗುತ್ತಾರೆ. ಸತ್ತವರು ಎಲೆಯ ಮುಂದೆ ಕೂರುತ್ತಾರೆ, ತಿನ್ನುವುದಿಲ್ಲ, ಬೆಳಗಾಗುವ ಹೊತ್ತಿಗೆ ಎದ್ದು ಗುಡ್ಡಕ್ಕೆ ಹೋಗುತ್ತಾರೆ. ಇದು ಹೆದರಿಸುವ ಸಿನಿಮಾ ಅಲ್ಲವೆಂದು ಬರೆದವರು ಸರಿಯಾಗಿಯೇ ಬರೆದಿದ್ದಾರೆ. ಅದು ದೋಷ ಎಂದುಕೊಂಡದ್ದು ತಪ್ಪು.

ಈಗ ನಾನು ಯಾಕೆ ಬರೆದೆ ಎಂದು ಹೇಳುತ್ತೇನೆ. ಆ ತುಣುಕನ್ನು ನಾನು ಹುಡುಕಿ ನೋಡಿದ್ದಲ್ಲ. ನನ್ನ ಜೊತೆ ಕೆಲಸ ಮಾಡುವ ಶಿವರಂಜನಿ ಸ್ಟೇಟಸ್ಸಿಗೆ ಹಾಕಿದ್ದಳು. ಮೇಲೆ, "ಹೆಂಡತಿ ಇನ್ನೂ ಎದ್ದಿದ್ದಾಳೆ ಅಂತ ಗೊತ್ತಾದಾಗ" ಎಂದು ಬರೆದಿತ್ತು. ಅಂಥ ತಮಾಷೆಯಾಗಿ ಅದು ಎಲ್ಲ ಕಡೆ ಓಡಾಡುತ್ತಿದೆ. ನಾನೂ ನಕ್ಕೆ. ಆಮೇಲೆ ಅವನು ಎತ್ತಿದ ಕೈ ನೋಡಿದೆ. ಬಲಗೈಯ ಕೊನೆಯ ಎರಡು ಬೆರಳಿಲ್ಲ.

ಅವರು ನನ್ನ ಅಪ್ಪ. ಹೆಸರು ಮೂಡಲಗಿರಿಯಪ್ಪ, ಕಳ್ಳಂಬೆಳ್ಳದ ಹತ್ತಿರ ನಮ್ಮ ಊರು. ಬೆರಳು ಹೋದದ್ದು ಕಡಲೆಕಾಯಿ ಬಿಡಿಸುವ ಮಷೀನಿಗೆ ಸಿಕ್ಕಿ. ತೊಂಬತ್ತಮೂರರಲ್ಲಿ ನನ್ನ ತಮ್ಮ ಅನಿಲ್ ಕುಮಾರ್ ಕೆರೆಯಲ್ಲಿ ಮುಳುಗಿ ಹೋದ. ಅವನಿಗೆ ನಾಲ್ಕು ವರ್ಷ. ಅಪ್ಪ ಎತ್ತು ತೊಳೆಯುವಾಗ ಅವನನ್ನು ಏರಿಯ ಮೇಲೆ ಕೂರಿಸಿದ್ದರು. ಆಮೇಲೆ ಅಮ್ಮ ಅಪ್ಪನ ಜೊತೆ ಮಾತಾಡಿದ್ದನ್ನು ನಾನು ಕೇಳಿಲ್ಲ. ತಟ್ಟೆ ಮುಂದಿಟ್ಟು ಹೋಗುತ್ತಿದ್ದಳು. ದೀಪಾವಳಿಯ ಹೊತ್ತಿಗೆ ಅಪ್ಪ ಒಂದು ದಿನ ಮನೆಗೆ ಬರಲಿಲ್ಲ. ವಾರದ ಮೇಲೆ ಅದೇ ಕೆರೆಯಲ್ಲಿ ಒಂದು ಹೆಣ ತೇಲಿತು. ಗುರುತು ಹಿಡಿಯುವಂತಿರಲಿಲ್ಲ. ಕೈಗಳನ್ನು ಮೀನು ತಿಂದಿದ್ದವಂತೆ. ದೊಡ್ಡಪ್ಪ ಹೋಗಿ ನೋಡಿ ಅಪ್ಪನದೇ ಎಂದರು. ಅಮ್ಮನಿಗೆ ಮುಖ ತೋರಿಸಲಿಲ್ಲ. ನಮ್ಮ ಹೊಲದ ಬದುವಿನಲ್ಲಿ ಮಣ್ಣು ಮಾಡಿದೆವು. ನನಗೆ ಆರು ವರ್ಷ. ಮಣ್ಣು ಹಾಕಿದ್ದು ನೆನಪಿದೆ.

ನೀವು ಹೇಳುವ ಶಿವರಾತ್ರಿ ಅದಾಗಿ ಒಂದು ವರ್ಷ ಕಳೆದ ಮೇಲಿನದು.

ಅವರ ಬಗ್ಗೆ ಹೇಳುವಂಥದ್ದೇನಿಲ್ಲ ಎಂದು ಬರೆದಿರಿ. ಇನ್ನೊಮ್ಮೆ ಯೋಚಿಸಿ ನೋಡಿ.

ತೇಜಸ್ವಿನಿ


ಮಿಡಿಗೇಶಿ
30 ಮಾರ್ಚ್ 2025

ತಾಯಿ ತೇಜಸ್ವಿನಿಗೆ,

ಇಷ್ಟು ದಿನ ಬರೆಯದೆ ಇದ್ದದ್ದು ಉದಾಸೀನದಿಂದಲ್ಲ. ನಿಮ್ಮ ಮೊದಲ ಕಾಗದಕ್ಕೆ ನಾನು ಬರೆದ ಉತ್ತರ ನೆನಪಾದಾಗಲೆಲ್ಲ ಪೆನ್ನು ಕೆಳಗಿಡುತ್ತಿದ್ದೆ. ನನ್ನ ಸಿನಿಮಾದ ಬಗ್ಗೆ ಯಾರಾದರೂ ಬಾಯಿಬಿಟ್ಟರೆ ಸಾಕು ಎಂದು ಮೂವತ್ತು ವರ್ಷ ಕಾದವನು, ನೀವು ಕೇಳಿದ್ದನ್ನು ಬಿಟ್ಟು ನನ್ನದೇ ಹೇಳಿಕೊಂಡೆ.

ನೆನಪಿರುವುದನ್ನೆಲ್ಲ ಬರೆಯುತ್ತೇನೆ. ನಮಗೆ ಅಡುಗೆ ಮಾಡುತ್ತಿದ್ದವನು ಪಾವಗಡ ಕಡೆಯ ದೊಡ್ಡಹನುಮಯ್ಯ. ನಿಮ್ಮ ತಂದೆ ಅವನ ಜೊತೆ ಬಂದು ಪಾತ್ರೆ ತೊಳೆದುಕೊಂಡು, ಸೌದೆ ಸೀಳಿಕೊಂಡು ಇದ್ದರು. ಗಂಗಯ್ಯ ಎಂದು ಹೇಳಿಕೊಂಡಿದ್ದರು. ಮಾತು ಕಡಿಮೆ. ಗುಡ್ಡದಿಂದ ಇಳಿಯುವ ಗುಂಪಿಗೆ ಜನ ಸಾಲದಾಗ ನಾನೇ ಕರೆದೆ. ಒಲ್ಲೆ ಅನ್ನಲಿಲ್ಲ. ಮುಖಕ್ಕೆ ಸುಣ್ಣ, ಇದ್ದಿಲು ಬಳಿಸಿಕೊಂಡು ಸುಮ್ಮನೆ ಕೂತರು. ಬೆರಳಿಲ್ಲದ ಕೈ ನೋಡಿ ನನಗೆ ಖುಷಿಯಾಗಿತ್ತು. ಇದನ್ನು ನಿಮಗೆ ಬರೆಯಲು ಕಷ್ಟವಾಗುತ್ತಿದೆ. ಆ ಕೈಗಾಗಿಯೇ ಬಾಗಿಲಿನ ದೃಶ್ಯಕ್ಕೆ ಅವರನ್ನು ಆರಿಸಿದೆ.

ಬಾಗಿಲು ಬಡಿಯಬೇಕು, ಆಮೇಲೆ ಭುಜ ಕೊಟ್ಟು ಮುರಿಯಬೇಕು ಎಂದು ಹೇಳಿಕೊಟ್ಟಿದ್ದೆ. ಬಾಗಿಲನ್ನು ಮುರಿಯುವಂತೆಯೇ ಮಾಡಿಸಿದ್ದೆವು. ಕ್ಯಾಮೆರಾ ಮನೆಯೊಳಗಿತ್ತು, ಕಿಟಕಿಯ ಸಂದಿನಲ್ಲಿ. ಅವರು ಬಂದರು. ಕೈ ಎತ್ತಿದರು. ಒಳಗಿದ್ದ ನಾವೆಲ್ಲ ಉಸಿರು ಹಿಡಿದು ಕಾಯುತ್ತಿದ್ದೆವು. ಕೈ ಹಾಗೇ ಇಳಿಯಿತು. ಅವರು ಹೊರಟುಹೋದರು.

ನಾನು ಆಚೆ ಓಡಿಹೋಗಿ ಎಲ್ಲರ ಮುಂದೆ ಬೈದೆ. ಅವರು ತಲೆ ತಗ್ಗಿಸಿ, "ಮನಸು ಬರ್ಲಿಲ್ಲ ಕಣ್ ಸಾ. ಒಳಗಿರೋರು ಎದರ್ಕಂತಾರೆ" ಎಂದರು.

"ಒಳಗೆ ಯಾರೂ ಇಲ್ಲ ಕಣಯ್ಯ, ನಾವೇ ಇರೋದು" ಎಂದೆ.

"ಅಂಗಲ್ಲ ಸಾ" ಎಂದರು.

ಮತ್ತೆ ತೆಗೆಯಲು ಆ ದಿನ ಫಿಲ್ಮು ಉಳಿದಿರಲಿಲ್ಲ. ಮಾರನೇ ದಿನ ಬೇರೆ ಊರಿಗೆ ಹೊರಟೆವು. ಹೀಗೆ ಆ ದೃಶ್ಯ ಉಳಿಯಿತೇ ಹೊರತು ನನ್ನ ಜಾಣತನದಿಂದಲ್ಲ. ಎಡಿಟಿಂಗ್ ಕೋಣೆಯಲ್ಲಿ ಕೂತು ನೋಡಿದಾಗ ಗೊತ್ತಾಯಿತು, ನಾನು ಮಾಡಬೇಕೆಂದಿದ್ದ ಸಿನಿಮಾ ಅದೊಂದೇ ಕಡೆ ಆಗಿದೆ ಎಂದು. ಅದಕ್ಕೆ ಮೊದಲು ಕೊನೆಯ ಎಡೆಯ ದೃಶ್ಯ ನನ್ನಲ್ಲಿ ಬೇರೆ ಥರ ಇತ್ತು. ಬದಲಿಸಿ ಬರೆದು, ಉಳಿದವರನ್ನು ಕರೆಸಿ, ಮತ್ತೆ ತೆಗೆದೆ. ನೀವು ಮೆಚ್ಚಿದ್ದು ನಿಮ್ಮ ತಂದೆ ಮಾಡಿದ ಸಿನಿಮಾವನ್ನು.

ಆಮೇಲೆ ಅವರೆಲ್ಲಿ ಹೋದರೋ ನನಗೆ ತಿಳಿಯದು. ವಿಚಾರಿಸಲೇ?

ನಾಗಭೂಷಣ್


ಸಿರಾ
6 ಏಪ್ರಿಲ್ 2025

ವಿಚಾರಿಸಿ.

ಅಮ್ಮನಿಗೆ ಇನ್ನೂ ಹೇಳಿಲ್ಲ. ನನ್ನ ಜೊತೆಗೇ ಇದ್ದಾಳೆ. ನಾನು ಮೊಬೈಲು ಹಿಡಿದು ಕೂತಾಗಲೆಲ್ಲ, "ಅದ್ರಲ್ಲಿ ಏನೈತೆ ಅಂತ ಅಷ್ಟು ನೋಡ್ತೀಯಮ್ಮ" ಎನ್ನುತ್ತಾಳೆ.

ಮಿಡಿಗೇಶಿಯಿಂದ ಕಳ್ಳಂಬೆಳ್ಳ ಎಷ್ಟು ದೂರ? ಬೆಳಗ್ಗೆ ಬಸ್ಸು ಹತ್ತಿದರೆ ಊಟದ ಹೊತ್ತಿಗೆ ಸೇರಬಹುದು. ಅವರು ಅಲ್ಲಿ ನಿಮ್ಮ ಬಾಗಿಲ ಮುಂದೆ ನಿಂತಿದ್ದಾಗ ನಾನು ಎರಡನೇ ಕ್ಲಾಸಿನಲ್ಲಿದ್ದೆ. ಅಪ್ಪ ಇಲ್ಲದ ಮಗು ಎಂದು ಮೇಷ್ಟ್ರು ನನಗೆ ಹೊಡೆಯುತ್ತಿರಲಿಲ್ಲ.

ಒಳಗಿರುವವರು ಹೆದರುತ್ತಾರೆಂದು ಅವರಿಗೆ ಯಾರು ಹೇಳಿದ್ದು?

ತೇಜಸ್ವಿನಿ


ಮಿಡಿಗೇಶಿ
18 ಜೂನ್ 2025

ತಾಯಿ ತೇಜಸ್ವಿನಿಗೆ,

ದೊಡ್ಡಹನುಮಯ್ಯ ಸಿಕ್ಕಿದ. ಪಾವಗಡದಿಂದ ತಿರುಮಣಿಗೆ ಹೋಗುವ ದಾರಿಯ ಒಂದು ಹಳ್ಳಿಯಲ್ಲಿ ಮಗಳ ಮನೆಯಲ್ಲಿದ್ದಾನೆ. ನನ್ನ ತಮ್ಮನ ಮಗನನ್ನು ಜೊತೆಗೆ ಕರೆದುಕೊಂಡು ಹೋಗಿದ್ದೆ. ಅವನು ಹೇಳಿದ್ದನ್ನು ಹುಡುಗ ಒಂದು ಹಾಳೆಯಲ್ಲಿ ಬರೆದು ತೋರಿಸುತ್ತಿದ್ದ.

ನಿಮ್ಮ ತಂದೆ ಈಗಿಲ್ಲ. ಸುತ್ತಿ ಬಳಸಿ ಹೇಳುವುದು ನನಗೆ ಬರುವುದಿಲ್ಲ, ಕ್ಷಮಿಸಿ.

ಶೂಟಿಂಗ್ ಮುಗಿದ ಮೇಲೆ ಅವನ ಜೊತೆಯಲ್ಲೇ ಮದುವೆ ಮನೆಗಳ ಅಡುಗೆಗೆ ಹೋಗುತ್ತಿದ್ದರಂತೆ. ಬೇರೆ ಸಂಸಾರ ಮಾಡಲಿಲ್ಲ. ಕುಡಿಯುತ್ತಿರಲಿಲ್ಲ. ಮದುವೆಗಳಲ್ಲಿ ಚಿಕ್ಕ ಮಕ್ಕಳು ಒಲೆಯ ಹತ್ತಿರವೋ ನೀರಿನ ತೊಟ್ಟಿಯ ಹತ್ತಿರವೋ ಬಂದರೆ ಕೈಯಲ್ಲಿದ್ದ ಕೆಲಸ ಬಿಟ್ಟು ಅಲ್ಲಿ ಹೋಗಿ ನಿಂತುಬಿಡುತ್ತಿದ್ದರಂತೆ. ಅದಕ್ಕೆ ಇವನು ಎಷ್ಟೋ ಸಲ ಬೈದಿದ್ದಾನೆ. ಸಿರಾ ಕಡೆಯ ಮದುವೆ ಬಂದರೆ ಮಾತ್ರ ಬರುತ್ತಿರಲಿಲ್ಲ. ಎರಡು ಸಾವಿರದ ನಾಲ್ಕರಲ್ಲಿ ಜ್ವರ ಬಂತು. "ಮಂಚಿ ಮನಿಷಿ ಸಾಮಿ, ಬಲು ಒಳ್ಳೇವ್ನು. ಮೂರೇ ದಿನಕ್ಕೆ ಪೋಯಿನಾಡು, ಒಂದು ಗುಟುಕು ಗಂಜೀನೂ ಕುಡೀಲಿಲ್ಲ" ಎಂದು ಅತ್ತ. ತನ್ನದೇ ಹೊಲದ ಮೂಲೆಯಲ್ಲಿ ಮಣ್ಣು ಮಾಡಿದ್ದಾನೆ. ಹೆಂಡತಿ ಮಕ್ಕಳು ಇದ್ದಾರೆಯೇ ಎಂದು ಕೊನೆಯಲ್ಲಿ ಕೇಳಿದ್ದಕ್ಕೆ, "ಅವ್ರಿಗೆ ನಾನು ಇಲ್ಲ ಅಂತ ಆಗೈತೆ, ಅಂಗೇ ಇರ್ಲಿ" ಎಂದರಂತೆ.

ಅಂದರೆ ಊರಿನಲ್ಲಿ ತಮ್ಮ ತಿಥಿ ಆದದ್ದು ಅವರಿಗೆ ಗೊತ್ತಿತ್ತು.

ಇದನ್ನು ನಿಮ್ಮ ತಾಯಿಗೆ ಹೇಳುವುದು ಬಿಡುವುದು ನಿಮಗೆ ಬಿಟ್ಟದ್ದು. ನಾನು ಸಿನಿಮಾ ಮಾಡದೇ ಇದ್ದಿದ್ದರೆ ನಿಮಗೆ ಈ ಸಂಕಟ ಇರುತ್ತಿರಲಿಲ್ಲ ಅಂತಲೂ ಅನ್ನಿಸುತ್ತದೆ.

ನಾಗಭೂಷಣ್


ಮಿಡಿಗೇಶಿ
24 ಆಗಸ್ಟ್ 2025

ತಾಯಿ,

ನಿಮ್ಮಿಂದ ಕಾಗದವಿಲ್ಲ. ಕೇಳುವ ಹಕ್ಕು ನನಗಿಲ್ಲ. ಹೋದ ತಿಂಗಳು ಬೋರ್ಡು ಕಟ್ಟುವಾಗ ಏಣಿಯಿಂದ ಬಿದ್ದು ಸೊಂಟಕ್ಕೆ ಪೆಟ್ಟಾಗಿದೆ, ಮನೆಯಿಂದಾಚೆ ಹೋಗುವಂತಿಲ್ಲ. ಪೋಸ್ಟಿನವನು ಬರುವ ಹೊತ್ತಿಗೆ ಮಂಚವನ್ನು ಕಿಟಕಿಯ ಹತ್ತಿರ ಎಳೆಸಿಕೊಳ್ಳುತ್ತೇನೆ. ಒಂದು ಸಾಲು ಬರೆದರೂ ಸಾಕು.

ನಾಗಭೂಷಣ್


ಸಿರಾ
28 ಸೆಪ್ಟೆಂಬರ್ 2025

ನಾಗಭೂಷಣ್ ಸರ್ ಅವರಿಗೆ,

ಸೊಂಟ ಹೇಗಿದೆ? ನೆಲದ ಮೇಲೆ ಕೂರಬೇಡಿ. ನಮ್ಮ ಡಾಕ್ಟರನ್ನು ಕೇಳಿ ಮಾತ್ರೆಯ ಹೆಸರನ್ನು ಬೇರೆ ಚೀಟಿಯಲ್ಲಿ ಬರೆದಿದ್ದೇನೆ. ಅಲ್ಲಿನ ಡಾಕ್ಟರಿಗೆ ತೋರಿಸಿಯೇ ತೆಗೆದುಕೊಳ್ಳಿ.

ಬರೆಯದೆ ಇದ್ದದ್ದು ನಿಮ್ಮ ಮೇಲಿನ ಸಿಟ್ಟಿನಿಂದಲ್ಲ. ಅಮ್ಮನಿಗೆ ಹೇಳುವವರೆಗೆ ಬರೆಯುವುದು ಬೇಡ ಎಂದುಕೊಂಡಿದ್ದೆ. ಗೌರಿ ಹಬ್ಬದ ಹಿಂದಿನ ದಿನ ಹೇಳಿದೆ. ಪಕ್ಕದ ಮನೆಯವರು ಬಾಗಿನ ಕೊಡಲು ಮುತ್ತೈದೆಯರನ್ನು ಕರೆಯುತ್ತಿದ್ದರು. ಅವರು ಬಂದಾಗ ಅಮ್ಮ ಎದ್ದು ಒಳಗೆ ಹೋದಳು. ನನಗೆ ತಡೆಯಲಾಗಲಿಲ್ಲ.

ಮೊದಲು ಅವಳು ನಂಬಲಿಲ್ಲ. ಸಿನಿಮಾ ತೋರಿಸಿದೆ. ಕನ್ನಡಕ ಒರೆಸಿಕೊಂಡು ನೋಡಿದಳು. ಅಪ್ಪ ಕೈ ಎತ್ತುವ ಮೊದಲೇ, ಗುಂಪಿನಲ್ಲಿ ಗುಡ್ಡ ಇಳಿಯುವಾಗಲೇ, "ಅಗೋ" ಎಂದಳು. ನಾನು ಇಷ್ಟು ಸಲ ನೋಡಿದರೂ ಆ ಗುಂಪಿನಲ್ಲಿ ಅವರನ್ನು ಗುರುತಿಸಿರಲಿಲ್ಲ. ನಿಲ್ಲಿಸಲು ಹೋದೆ. "ಬುಡು, ಪೂರಾ ನೋಡಾಣ" ಎಂದಳು. ಹಾಡು, ಪೊಲೀಸಿನವನು, ಎಲ್ಲ ನೋಡಿದಳು. ಬಾಗಿಲಿನ ದೃಶ್ಯದಲ್ಲಿ ಅವಳ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ. ಹೆಂಗಸರು ಎಡೆ ಬಡಿಸುವಾಗ ಮಾತ್ರ, "ಈ ಸಿನಿಮಾ ಮಾಡಿದೋರ್ಗೆ ಗೊತ್ತೈತೆ ಕಣಮ್ಮ" ಎಂದಳು. ನಿಮ್ಮ ಸಿನಿಮಾದ ಬಗ್ಗೆ ನಾನು ಪುಟಗಟ್ಟಲೆ ಬರೆದೆ. ಅವಳು ಹೇಳಿದ್ದು ಇಷ್ಟು. ನಿಮಗೆ ಇದೇ ಹೆಚ್ಚು ಎಂದು ನನಗೆ ಗೊತ್ತು.

ಉಳಿದದ್ದನ್ನೂ ಹೇಳಿದೆ. ಅಡುಗೆ ಕೆಲಸ, ಜ್ವರ, ಎರಡು ಸಾವಿರದ ನಾಲ್ಕು. ಬೆರಳು ಮಡಿಸಿ ಲೆಕ್ಕ ಹಾಕಿದಳು.

"ಅಷ್ಟು ವರ್ಷ ಬದುಕಿದ್ದೋರ್ಗೆ ಎಡೆ ಇಟ್ಬುಟ್ನಲ್ಲಮ್ಮ" ಎಂದಳು. ಅಷ್ಟೇ. ಎರಡು ದಿನ ಮಲಗಿದ್ದಳು.

ಮೂರನೇ ದಿನ ತಾನೇ ಹೊರಟಳು, ನಾನೂ ಜೊತೆಗೆ ಹೋದೆ. ಸಿರಾದಿಂದ ಮಧುಗಿರಿ, ಅಲ್ಲಿಂದ ಪಾವಗಡ, ಆಮೇಲೆ ನೀವು ಬರೆದಿದ್ದ ಹಳ್ಳಿ. ದೊಡ್ಡಹನುಮಯ್ಯ ಕೋಲೂರಿಕೊಂಡು ಜೊತೆಗೆ ಬಂದರು. ನಿಮ್ಮ ಕಾಗದದಲ್ಲಿ ಒಂದು ವಿಷಯ ಇರಲಿಲ್ಲ, ಬಹುಶಃ ಅವರು ನಿಮಗೆ ಹೇಳಿರಲಿಕ್ಕಿಲ್ಲ. ಅವರ ಹೊಲ ಈಗ ಸೋಲಾರ್ ಕರೆಂಟಿನವರಿಗೆ ಹೋಗಿದೆ. ಸುತ್ತ ತಂತಿ ಬೇಲಿ, ಒಳಗೆ ಕಣ್ಣು ಹೋದಷ್ಟು ದೂರ ಕಪ್ಪು ಹಲಗೆಗಳು. ಮೂಲೆಯಲ್ಲಿದ್ದ ಹುಣಿಸೆ ಮರ ಕಡಿದಿದ್ದಾರೆ, ಬದು ಇಲ್ಲ, ಗುರುತಿಗೆ ಇಟ್ಟಿದ್ದ ಕಲ್ಲೂ ಇಲ್ಲ. ಅವರು ಕೋಲೆತ್ತಿ ಮೊದಲು ಒಂದು ಕಡೆ ತೋರಿಸಿದರು, ಆಮೇಲೆ ಅದಲ್ಲ ಎಂದು ಇನ್ನೊಂದು ಕಡೆ ತೋರಿಸಿದರು, ಆಮೇಲೆ ಕೋಲು ಇಳಿಸಿಬಿಟ್ಟರು. ಕಾವಲಿನವನು ಒಳ್ಳೆಯವನೇ, ಆದರೆ ಒಳಗೆ ಬಿಡುವಂತಿಲ್ಲ ಎಂದ.

ಅಮ್ಮ ಬೇಲಿ ಹಿಡಿದು ನಿಂತಳು. ಅಳುತ್ತಾಳೆಂದು ನಾನು ಹತ್ತಿರ ಹೋದೆ. ಅವಳು ಹಲಗೆಗಳ ಕೆಳಗೆ ಬಗ್ಗಿ ನೋಡುತ್ತಿದ್ದಳು.

"ಕೆಳಗೆ ನೆರಳೈತೆ" ಎಂದಳು.

ವಾಪಸ್ಸು ಬಸ್ಸು ಹತ್ತಿದೆವು. ಮಿಡಿಗೇಶಿ ದಾಟುವಾಗ ಕೋಟೆ ತೋರಿಸಿ, ಇದೇ ಗುಡ್ಡ ಎಂದೆ. ಕತ್ತು ತಿರುಗಿಸಿ, ಕಾಣುವಷ್ಟು ದೂರ ನೋಡಿದಳು. ಇಳಿದು ನಿಮ್ಮ ಮನೆಗೆ ಬರಬೇಕೆಂದಿದ್ದೆ. ಆ ದಿನ ಅವಳಿಗೆ ಆಗುತ್ತಿರಲಿಲ್ಲ.

ಹೋದ ಭಾನುವಾರ ಮಹಾಲಯ ಅಮಾವಾಸ್ಯೆ. ಈ ವರ್ಷ ಕಳ್ಳಂಬೆಳ್ಳದ ಹತ್ತಿರದ ನಮ್ಮ ಹೊಲಕ್ಕೆ ಹೋಗುವುದು ಬೇಡ, ಎಡೆ ಇಲ್ಲೇ ಮನೆಯಲ್ಲಿ ಇಡೋಣ ಎಂದು ನಾನು ಅಂದುಕೊಂಡಿದ್ದೆ. ಅಮ್ಮ ಬೆಳಗ್ಗೆ ಎದ್ದು ಎರಡು ಪಾಲು ಅಡುಗೆ ಮಾಡಿದ್ದಳು. ಒಂದು ಪಾಲನ್ನು ಅಪ್ಪನ ಫೋಟೋದ ಮುಂದೆ ಇಟ್ಟಳು. ಇನ್ನೊಂದನ್ನು ಡಬ್ಬಿಗೆ ತುಂಬಿ, ಬಾಳೆಲೆ ಸುತ್ತಿ, "ನಡಿ, ಹೊಲದತ್ರ ಹೋಗ್ಬರಾಣ" ಎಂದಳು.

"ಅಲ್ಲಿರೋದು ಅಪ್ಪ ಅಲ್ವಲ್ಲಮ್ಮ" ಎಂದೆ.

"ಅಲ್ಲ."

"ಮತ್ತೆ?"

ಅವಳು ಡಬ್ಬಿಯ ಮುಚ್ಚಳವನ್ನು ಇನ್ನೊಮ್ಮೆ ಒತ್ತಿ ಹಾಕಿದಳು. "ಯಾರೋ ಏನೋ. ಅವನ ಮನೇಲಿ ಇನ್ನೂ ಬರ್ತಾನೆ ಅಂತ ಕಾಯ್ತಾವ್ರೇನೋ. ಅವ್ರು ಎಡೆ ಇಟ್ಟಿರಲ್ಲ ಕಣಮ್ಮ."

ಬದುವಿನ ಮೇಲೆ ಹುಲ್ಲು ಬೆಳೆದಿತ್ತು. ಅಮ್ಮ ಅದನ್ನು ಕಿತ್ತು, ಜಾಗ ಬಳಿದು, ಎಲೆ ಹಾಸಿ ಬಡಿಸಿದಳು. ಪ್ರತಿ ವರ್ಷ ಬಡಿಸಿ ಕೈ ಮುಗಿದು ಎದ್ದುಬಿಡುತ್ತಿದ್ದಳು. ಈ ಸಲ ಎಲೆಯ ಪಕ್ಕದಲ್ಲೇ ಕೂತಳು. ಅವನನ್ನು ಕರೆಯಲು ಒಂದು ಹೆಸರಿಲ್ಲವಲ್ಲ ಎಂದು ಸ್ವಲ್ಪ ಹೊತ್ತು ಯೋಚಿಸಿ, ಕೊನೆಗೆ "ಉಣ್ಣಪ್ಪ" ಎಂದಳು.

ನಿಮ್ಮ,
ತೇಜಸ್ವಿನಿ